ಕೈಮಾತಿಗೆ ಪೂರ್ವಾನುಮತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು, ಈ ನಾಲ್ಕೂ ತಾಲ್ಲೂಕುಗಳಲ್ಲಿ ಕಿವಿ ಕೇಳಿಸದ ಮಕ್ಕಳಿಗೆ ಕಲಿಯುವ ಹಕ್ಕು ಸಂಪೂರ್ಣವಾಗಿ ಜಾರಿಯಲ್ಲಿದೆ. ಕಲಿಕೆಯೊಂದು ಮಾತ್ರ ಬಾಕಿ ಇದೆ. ಅದು ಸಣ್ಣ ವಿಷಯವಾದ್ದರಿಂದ ಯಾವ ವರದಿಯಲ್ಲೂ ಅದರ ಪ್ರಸ್ತಾಪ ಬರುವುದಿಲ್ಲ.

ಹಕ್ಕು ಇಷ್ಟು ಚೆನ್ನಾಗಿ ಜಾರಿಯಾಗಲು ಕಾರಣ 'ಹಕ್ಕು ಅರಿವು ಅನುಷ್ಠಾನ ಸಮಿತಿ'. ಸಮಿತಿಗೆ ಕಚೇರಿ ಇದೆ, ಕಚೇರಿಗೆ ಬೋರ್ಡು ಇದೆ, ಬೋರ್ಡಿಗೆ ಹಗಲೂ ಉರಿಯುವ ದೀಪ ಇದೆ. ಜೀಪಿದೆ, ಜೀಪಿಗೆ ಗೌಸ್‌ಪೀರ್ ಎಂಬ ಡ್ರೈವರ್ ಇದ್ದಾನೆ. ಇವೆಲ್ಲದರ ಮೇಲೆ ಮಹೇಶ್ವರಪ್ಪ ಎಂಬ ಅಧ್ಯಕ್ಷರಿದ್ದಾರೆ. ಇಷ್ಟೆಲ್ಲ ಆದ ಮೇಲೆ ಉಳಿದದ್ದರಲ್ಲಿ ಪಾಠ ಹೇಳುವುದಕ್ಕೂ ಒಬ್ಬರು ಇರಲಿ ಎಂದು ನಾಲ್ಕು ತಾಲ್ಲೂಕಿಗೂ ಸೇರಿಸಿ ಒಬ್ಬ ಟೀಚರನ್ನು ಕೊಟ್ಟಿದ್ದರು. ಆಕೆ ಖಮರುನ್ನೀಸಾ. ಸಂಜ್ಞೆ ಭಾಷೆ, ಅಂದರೆ ಕೈಯಲ್ಲಿ ಆಡುವ ಮಾತು, ಕಲಿತು ಬಂದವರು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ಉಳಿದ ದಿನ ಈ ನಾಲ್ಕು ಕಡೆ ಹೋಗಿ ಬಂದದ್ದಕ್ಕೆ ವರದಿ ಬರೆಯಬೇಕು. ವಾರದಲ್ಲಿ ಒಂದು ದಿನ ಮಾತು ಬಂದರೆ ಮಕ್ಕಳಿಗೆ ಸಾಕು ಎಂದು ಸಮಿತಿಯ ಲೆಕ್ಕ. ಸಮಿತಿಯವರು ಮಾತ್ರ ವಾರವಿಡೀ ಮಾತಾಡುತ್ತಾರೆ.

ಸೂಳೆಕೆರೆ ಏರಿಯ ಹತ್ತಿರ ರಸ್ತೆ ಬದಿಯಲ್ಲಿ ಮೀನು ಕರಿದು ಮಾರುವ ಅಂತರಘಟ್ಟಮ್ಮನಿಗೆ ಈ ಸಮಿತಿಯ ಮೇಲೆ ಮೊದಲು ಗೌರವವೇ ಇತ್ತು. ಆಕೆಯ ಬಂಡವಾಳ ಎಂದರೆ ಒಂದು ದೊಡ್ಡ ಬಾಣಲೆ ಮತ್ತು ಒಂದು ದೊಡ್ಡ ಗಂಟಲು. "ಬರ್ರೀ, ಬಿಸಿ ಮೀನು ಐತೆ, ಈಗ ತೆಗ್ದಿದ್ದು!" ಎಂದು ಕೂಗಿದರೆ ಏರಿಯ ಆ ತುದಿಯ ಬಸ್ಸಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರಬೇಕು. ಗಂಡ ಧರ್ಮಪ್ಪ ಕೆರೆಯಲ್ಲಿ ಬಲೆ ಬೀಸುವವನು, ಮಾತು ಕಮ್ಮಿ. ಇಂಥ ಗಂಟಲಿನವಳ ಒಬ್ಬಳೇ ಮಗಳು ರಕ್ಷಾಳಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ.

ಖಮರ್ ಮೇಡಂ ಬರುವ ಮೊದಲು ರಕ್ಷಾಳಿಗೆ ಇದ್ದ ಮಾತು ಹಸಿವು, ನೀರು, ನೋವು, ಅಪ್ಪ, ಅವ್ವ, ಮೀನು. ಇಷ್ಟನ್ನು ಕೈಸನ್ನೆಯಲ್ಲಿ ಹೇಳಿ ಹುಡುಗಿ ಸುಮ್ಮನಾಗಿಬಿಡುತ್ತಿದ್ದಳು. ಊರಿನವರು "ಪಾಪ, ಬಾಳ ಸಾಧು ಹುಡ್ಗಿ" ಅನ್ನುತ್ತಿದ್ದರು. ಸಾಧುವೂ ಅಲ್ಲ, ಗೀಧುವೂ ಅಲ್ಲ. ಹೇಳುವುದಕ್ಕೆ ಮಾತಿರಲಿಲ್ಲ, ಅಷ್ಟೆ. ಚನ್ನಗಿರಿ ಶಾಲೆಯ ಮೂಲೆಕೋಣೆಯ ಸೋಮವಾರದ ತರಗತಿಗೆ ಹೋಗತೊಡಗಿದ ಮೇಲೆ ಒಂದು ಸಂಜೆ ಅವಳು ಬಾಣಲೆಯ ಪಕ್ಕ ನಿಂತು ಮೀನಿನ ಕಣ್ಣು ತೋರಿಸಿದಳು. ತನ್ನ ಕಣ್ಣು ಮುಚ್ಚಿ ತೋರಿಸಿದಳು. ಮೀನು ಮುಚ್ಚಿಲ್ಲ ಎಂದು ಕೈಯಾಡಿಸಿದಳು. ಆಮೇಲೆ ಅಂಗೈ ಮೇಲಕ್ಕೆ ತಿರುಗಿಸಿ ಹುಬ್ಬು ಏರಿಸಿದಳು. ಸತ್ತ ಮೇಲೂ ಮೀನು ಕಣ್ಣು ಮುಚ್ಚುವುದಿಲ್ಲ, ಯಾಕೆ?

ಮಗಳು ಹುಟ್ಟಿದ ಮೇಲೆ ಕೇಳಿದ ಮೊದಲ 'ಯಾಕೆ' ಅದು. ಅಂತರಘಟ್ಟಮ್ಮ ಎಣ್ಣೆ ಸೀಯುತ್ತಿದ್ದರೂ ನೋಡದೆ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳು. ದುಃಖಕ್ಕಲ್ಲ, ಸಂತೋಷಕ್ಕೆ. ಅವತ್ತಿನ ಮೀನು ಅಷ್ಟೂ ಕರಕಲಾಯಿತು.

ಅಲ್ಲಿಂದ ಪ್ರಶ್ನೆಗಳು ನಿಲ್ಲಲಿಲ್ಲ. ನೀರು ಯಾಕೆ ಕೈಯಲ್ಲಿ ನಿಲ್ಲೋದಿಲ್ಲ, ಅಪ್ಪ ಯಾಕೆ ನಗೋದಿಲ್ಲ, ದೇವರು ಯಾಕೆ ಅಲ್ಲಾಡೋದಿಲ್ಲ. ಉತ್ತರ ಕೊಡಲು ತನಗೂ ಕೈಮಾತು ಬೇಕಾಗಿ ಅಂತರಘಟ್ಟಮ್ಮ ಸೋಮವಾರ ಒಲೆ ಹಚ್ಚುವುದನ್ನೇ ಬಿಟ್ಟು, ಮಗಳ ಹಿಂದಿನ ಬೆಂಚಿನಲ್ಲಿ ಕೂತು ಕಲಿತಳು. ಸೋಮವಾರ ಎಂದರೆ ಅವರ ಮನೆಯಲ್ಲಿ ಹಬ್ಬ. ಹೀಗಿರುವಾಗ ಸಮಿತಿಗೆ ಜನರಲ್ಲಿ ಅರಿವು ಮೂಡಿಸಬೇಕು ಎಂದು ಜ್ಞಾನೋದಯವಾಯಿತು.

ಎರಡು ಹಕ್ಕುಗಳ ಬಗ್ಗೆ ಜನರಿಗೆ ತಿಳಿವಳಿಕೆ ಸಾಲದೆಂದು ಕಂಡುಬಂದಿತ್ತು. ಒಂದು, ಸಂವಿಧಾನ ಕೊಟ್ಟ ಮಾತನಾಡುವ ಹಕ್ಕು. ಇನ್ನೊಂದು, ಅಂಗವಿಕಲ ಮಕ್ಕಳು ತಮಗೆ ತಿಳಿಯುವ ಭಾಷೆಯಲ್ಲೇ ಕಲಿಯುವ ಹಕ್ಕು. ಎರಡನ್ನೂ ಒಂದೇ ಬ್ಯಾನರಿನಲ್ಲಿ ಹಾಕಿಸಿ ನಾಲ್ಕೂ ತಾಲ್ಲೂಕಿನಲ್ಲಿ ಬೃಹತ್ ಸಮಾವೇಶ ನಡೆಸಲು ತೀರ್ಮಾನವಾಯಿತು. ಬ್ಯಾನರಿನಲ್ಲಿ ಮಹೇಶ್ವರಪ್ಪನವರ ಮುಖ ದೊಡ್ಡದಾಗಿ ಬಂದದ್ದರಿಂದ ಹಕ್ಕುಗಳಿಗೆ ಕೆಳಗೆ ಸ್ವಲ್ಪ ಜಾಗ ಸಿಕ್ಕಿತು. ಜೊತೆಗೆ ಈ ಆದೇಶವೂ ಹೊರಟಿತು:

"ಅಭಿಯಾನದ ವೇದಿಕೆಯಿಂದ ಮಾಡಲಾಗುವ ಭಾಷಣಗಳು ಕಿವಿ ಕೇಳಿಸದವರಿಗೂ ತಲುಪತಕ್ಕದ್ದು. ಆ ಪ್ರಯುಕ್ತ, ಸಂಜ್ಞೆ ಭಾಷೆ ಬಲ್ಲ ಏಕೈಕ ಸಿಬ್ಬಂದಿಯಾದ ಶ್ರೀಮತಿ ಖಮರುನ್ನೀಸಾ ಇವರನ್ನು ಪಾಠ ಮಾಡುವ ಹೊರೆಯಿಂದ ಬಿಡುಗಡೆಗೊಳಿಸಿ, ಮುಂದಿನ ಆದೇಶದವರೆಗೆ ಅಧ್ಯಕ್ಷರ ಎಡಗಡೆ ನಿಲ್ಲಲು ನಿಯೋಜಿಸಿದೆ."

ಆ ಸೋಮವಾರ ತಾಯಿ ಮಗಳು ಬಸ್ಸಿಳಿದು ಹೋದಾಗ ಮೂಲೆಕೋಣೆಗೆ ಬೀಗ ಬಿದ್ದಿತ್ತು. ಬೀಗದ ಮೇಲೆ ಒಂದು ಚೀಟಿ ಅಂಟಿಸಿದ್ದರು. "ಕಿವಿ ಕೇಳಿಸದ ಮಕ್ಕಳ ಕಲಿಯುವ ಹಕ್ಕಿನ ಅರಿವು ಕಾರ್ಯಕ್ರಮದ ಪ್ರಯುಕ್ತ ಕಿವಿ ಕೇಳಿಸದ ಮಕ್ಕಳಿಗೆ ತರಗತಿ ಇರುವುದಿಲ್ಲ." ರಕ್ಷಾ ಬೀಗ ಮುಟ್ಟಿ ನೋಡಿ, ಅಂಗೈ ಮೇಲಕ್ಕೆ ತಿರುಗಿಸಿದಳು. ಅಂತರಘಟ್ಟಮ್ಮ ಚೀಟಿಯನ್ನು ಮತ್ತೆ ಓದಿದಳು. ಅದರಲ್ಲಿ ಕೈಯಿಂದ ಹೇಳುವಂಥದ್ದು ಏನೂ ಇರಲಿಲ್ಲ.

ಟೀಚರು ಎಲ್ಲಿದ್ದಾರೋ ಅಲ್ಲಿಗೇ ಹೋಗೋಣ ಎಂದು ಆಕೆ ಮಗಳ ಕೈ ಹಿಡಿದು, ಅವತ್ತು ಅಲ್ಲೇ ಚನ್ನಗಿರಿಯಲ್ಲಿ ನಡೆಯುತ್ತಿದ್ದ ಸಮಾವೇಶದ ಸಭಾಂಗಣಕ್ಕೆ ನಡೆದಳು. ವೇದಿಕೆ ಮೇಲೆ ಮಹೇಶ್ವರಪ್ಪನವರು ಮಾತನಾಡುತ್ತಿದ್ದರು. ಪಕ್ಕದಲ್ಲಿ ಖಮರ್ ಮೇಡಂ ನಿಂತು ಅದನ್ನು ಕೈಗಳಲ್ಲಿ ಹೇಳುತ್ತಿದ್ದರು. ಸಭಿಕರೆಲ್ಲ ಕಿವಿ ಚೆನ್ನಾಗಿದ್ದವರು, ಊಟದ ಘೋಷಣೆಗಾಗಿ ಅದನ್ನು ಇನ್ನಷ್ಟು ಚುರುಕಾಗಿಸಿಕೊಂಡು ಕೂತಿದ್ದರು. ಆ ಸಭೆಯಲ್ಲಿ ಮೇಡಂನ ಕೈ ಬೇಕಾಗಿದ್ದವಳು ರಕ್ಷಾ ಒಬ್ಬಳೇ. ಟೀಚರನ್ನು ಕಂಡ ಖುಷಿಗೆ ಅವಳು ಕುರ್ಚಿ ಹತ್ತಿ ನಿಂತು ಎರಡೂ ಕೈ ಆಡಿಸತೊಡಗಿದಳು.

ಮಹೇಶ್ವರಪ್ಪನವರು ಭಾಷಣ ನಿಲ್ಲಿಸಿದರು. "ಆ ಹುಡ್ಗಿಗೆ ಏನಾಗೈತೆ?"

"ಕಿವಿ ಕೇಳ್ಸಲ್ಲ ಸಾರ್, ನನ್ನ ವಿದ್ಯಾರ್ಥಿನಿ," ಎಂದರು ಖಮರುನ್ನೀಸಾ.

ಅಧ್ಯಕ್ಷರ ಮುಖ ಅರಳಿತು. "ಹೌದೇ? ನಿಜವಾದ್ದೇ ಸಿಕ್ತಲ್ಲ! ಮೊನ್ನೆಯಿಂದ ಒಂದು ಮಗು ಹುಡುಕ್ರಪ್ಪಾ ಅಂತ ಬಡ್ಕೊಳ್ತಾ ಇದೀನಿ. ಕರ್ಕಂಡ್ ಬರ್ರಿ ಮೇಲಕ್ಕೆ, ಫೋಟೋ ತೆಗೀರಿ."

ಹೀಗೆ ರಕ್ಷಾ ಅಭಿಯಾನದ ಅಧಿಕೃತ ಫಲಾನುಭವಿಯಾದಳು. ಮುಂದಿನ ಮೂರೂ ತಾಲ್ಲೂಕಿನ ಸಮಾವೇಶಗಳಿಗೆ ಆಕೆ ತಾಯಿಯೊಂದಿಗೆ ಜೀಪಿನಲ್ಲಿ ಬರತಕ್ಕದ್ದು, ವೇದಿಕೆಯ ಮುಂದೆ ಕೂತು ಫಲ ಅನುಭವಿಸತಕ್ಕದ್ದು. ಇದರಿಂದ ಹುಡುಗಿಯ ಶಾಲೆ ತಪ್ಪುತ್ತದೆ ಎಂದು ಯಾರೋ ಅಂದದ್ದಕ್ಕೆ, ಹಕ್ಕು ಬೇಕೆಂದರೆ ಅಷ್ಟು ತ್ಯಾಗ ಬೇಡವೇ ಎಂದು ಅಧ್ಯಕ್ಷರು ಕೇಳಿದರು. ತ್ಯಾಗ ಯಾರದು ಎಂದು ಯಾರೂ ಕೇಳಲಿಲ್ಲ.

ಅಂತರಘಟ್ಟಮ್ಮ ಒಪ್ಪಿದ್ದು ಬೇರೆ ಆಸೆಯಿಂದ. ಅದೇ ಜೀಪಿನಲ್ಲಿ ಖಮರ್ ಮೇಡಂ ಬರುತ್ತಾರೆ. ಹೊನ್ನಾಳಿ ದೂರವಿದೆ, ನ್ಯಾಮತಿ ಇನ್ನೂ ಮುಂದಿದೆ, ಜಗಳೂರಂತೂ ಎಲ್ಲೋ ಇದೆ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಪಾಠವಾದರೂ ಆಗುತ್ತದಲ್ಲ! ಹೊನ್ನಾಳಿಗೆ ಹೊರಟ ದಿನ ಹಾಗೇ ಆಯಿತು. ಮೇಡಂ ಕಿಟಕಿಯಾಚೆ ತೋರಿಸುತ್ತಾ ಗದ್ದೆ, ಕಾಲುವೆ, ಟ್ರ್ಯಾಕ್ಟರ್ ಎಲ್ಲಕ್ಕೂ ಕೈಮಾತು ಹೇಳಿಕೊಟ್ಟರು. ರಕ್ಷಾ ಕಾಲುವೆ ಯಾಕೆ ನೆಟ್ಟಗೆ ಹೋಗುತ್ತದೆ ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ವಿಷಯ ಸಮಿತಿಗೆ ತಿಳಿಯಿತು. ಮರುದಿನವೇ ಜೀಪಿನೊಳಗೆ ಸೂಚನೆ ಅಂಟಿಸಲಾಯಿತು. "ಈ ವಾಹನವು ಶಿಕ್ಷಣದ ಹಕ್ಕಿನ ಪ್ರಚಾರಕ್ಕೆ ಮೀಸಲು. ವಾಹನದೊಳಗೆ ಶಿಕ್ಷಣ ನೀಡುವುದು ದುರುಪಯೋಗವೆಂದು ಪರಿಗಣಿಸಲಾಗುವುದು." ಪಾಠ ನಡೆಯದಂತೆ ನೋಡಿಕೊಳ್ಳಲು ಟೀಚರನ್ನು ಮುಂದಿನ ಸೀಟಿಗೆ ಹಾಕಿದರು.

"ಏನ್ ಮಾಡಾಕಾಗ್ತೈತೆ ಅಕ್ಕಾ," ಎಂದ ಗೌಸ್‌ಪೀರ್, ಸ್ಟೀರಿಂಗ್ ಕಡೆ ನೋಡುತ್ತಾ. "ಗಾಡಿ ಅರಿವಿಂದು. ಕಲಿಯೋದಿದ್ರೆ ಬಸ್ನಾಗೆ ಕಲೀಬೇಕಂತೆ."

ಆದರೆ ಅದಕ್ಕೂ ಮೊದಲು, ಹೊನ್ನಾಳಿಯ ಸಮಾವೇಶದಲ್ಲೇ ಒಂದು ಘಟನೆ ನಡೆದಿತ್ತು. ಮಾತನಾಡುವ ಹಕ್ಕನ್ನು ಜನ ಕಣ್ಣಾರೆ ನೋಡಲೆಂದು ಅಲ್ಲಿ 'ಮುಕ್ತ ಸಂವಾದ' ಏರ್ಪಡಿಸಿದ್ದರು. ನಿಯಮಗಳು ಸರಳವಾಗಿದ್ದವು. ಸಾರ್ವಜನಿಕರು ಯಾವ ಪ್ರಶ್ನೆಯನ್ನಾದರೂ ಮುಕ್ತವಾಗಿ ಕೇಳಬಹುದು. ಪ್ರಶ್ನೆಯನ್ನು ಹಿಂದಿನ ದಿನವೇ ಸಲ್ಲಿಸತಕ್ಕದ್ದು. ಪ್ರಶ್ನೆಯ ಜೊತೆ ಉತ್ತರವನ್ನೂ ಲಗತ್ತಿಸತಕ್ಕದ್ದು. ಉತ್ತರ ಅಧ್ಯಕ್ಷರಿಗೆ ಒಪ್ಪಿಗೆಯಾದಲ್ಲಿ ಮಾತ್ರ ಪ್ರಶ್ನೆ ಉದ್ಭವಿಸಿದೆಯೆಂದು ಭಾವಿಸಲಾಗುವುದು.

"ಸೋಮವಾರದ ಕ್ಲಾಸು ಮತ್ತೆ ಯಾವಾಗ ಶುರು ಆಗ್ತೈತೆ?" ಎಂಬ ಅಂತರಘಟ್ಟಮ್ಮನ ಪ್ರಶ್ನೆ ಉತ್ತರ ಲಗತ್ತಿಸಿಲ್ಲವೆಂಬ ಕಾರಣಕ್ಕೆ ತಿರಸ್ಕೃತವಾಯಿತು. ಸಂವಾದದಲ್ಲಿ ಒಬ್ಬರು ಎದ್ದು, ಅಧ್ಯಕ್ಷರ ಈ ಸಾಧನೆಯ ಗುಟ್ಟೇನು ಎಂದು ಕೇಳಿದರು. ಇನ್ನೊಬ್ಬರು, ಅಧ್ಯಕ್ಷರು ಇಷ್ಟು ದುಡಿದೂ ದಣಿಯುವುದಿಲ್ಲವಲ್ಲ ಅದು ಹೇಗೆ ಎಂದರು. ಮೂರನೆಯವರು ಏಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಸೂಳೆಕೆರೆ ಏರಿಯ ಗಂಟಲು ಕೇಳಿಸಿತು.

"ಸ್ವಾಮೀ! ಕಿವಿ ಕೇಳೋರ ಮುಂದೆ ನಮ್ಮ್ ಟೀಚರ್‌ನ ನಿಲ್ಸಿ ಕೈ ಆಡಿಸ್ತೀರಲ್ಲ, ಆ ಕೈ ನೋಡಾಕೆ ಕಾಯ್ತಿರೋ ನನ್ ಮಗ್ಳಿಗೆ ಕ್ಲಾಸು ಯಾವಾಗ್ರೀ?"

ಮೈಕು ಅಧ್ಯಕ್ಷರ ಹತ್ತಿರವಿತ್ತು. ಆದರೂ ಕೇಳಿಸಿದ್ದು ಈಕೆಯದೇ. ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಮಹೇಶ್ವರಪ್ಪನವರೂ ನಕ್ಕರು, ಹಲ್ಲು ಮಾತ್ರ ಕಾಣುವಂಥ ನಗು.

ಸಂಜೆಯ ಹೊತ್ತಿಗೆ ಆಕೆಯ ಕೈಗೆ ನೋಟೀಸು ಬಂತು. "ತಾವು ಮುಕ್ತ ಸಂವಾದ ಕಾರ್ಯಕ್ರಮದಲ್ಲಿ ಮುಕ್ತವಾಗಿ ಮಾತನಾಡಿರುತ್ತೀರಿ. ಇದಕ್ಕೆ ವಿವರಣೆ ನೀಡತಕ್ಕದ್ದು." ವಿವರಣೆಗೆಂದು ಹೋದವಳನ್ನು ಮಹೇಶ್ವರಪ್ಪನವರು ಕೂರಿಸಿ, ಚಹಾ ತರಿಸಿ, ತಾಳ್ಮೆಯಿಂದ ಕಾನೂನು ತಿಳಿಸಿದರು.

"ನೋಡಮ್ಮಾ, ಮಾತಾಡೋ ಹಕ್ಕು ನಿಂದೇ. ಇಲ್ಲ ಅಂದೋರ್ಯಾರು? ಹಕ್ಕು ಅಂದ್ರೆ ಮನೇಲಿರೋ ಒಡವೆ ಇದ್ದಂಗೆ. ದಿನಾ ಹಾಕ್ಕಂಡು ತಿರುಗ್ತಾರೇನು? ಭದ್ರವಾಗಿ ಇಟ್ಕಬೇಕು."

"ಅದು ಇರ್ಲಿ ಸಾರ್. ಸೋಮವಾರದ ಕ್ಲಾಸು?"

"ಅದ್ನೇ ಹೇಳಾಕೆ ಬಂದೆ. ಆ ಕ್ಲಾಸು ಮುಂದುವರಿಬೇಕೋ ಬ್ಯಾಡ್ವೋ ಅಂತ ನಾವು ಪರಿಶೀಲನೆ ಮಾಡ್ತಾ ಇದೀವಿ. ಫಲಾನುಭವಿ ತಾಯಿ ಬಾಯಿ ಹೆಂಗೈತೆ ಅನ್ನೋದೂ ಪರಿಶೀಲನೆಗೆ ಬರ್ತೈತೆ."

ಅಂತರಘಟ್ಟಮ್ಮನಿಗೆ ಮೈ ಉರಿಯಿತು. ಬಾಣಲೆಯ ಎಣ್ಣೆ ಇಲ್ಲಿದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು ಕೂಡ. ಆದರೆ ಹೊರಗೆ ಜೀಪಿನ ಹತ್ತಿರ ರಕ್ಷಾ ನಿಂತು ಗೌಸ್‌ಪೀರನ ಗಡ್ಡ ಯಾಕೆ ಕೆಂಪು ಎಂದು ಕೇಳುತ್ತಿದ್ದಳು. ಅವನಿಗೆ ಅರ್ಥವಾಗದೆ ಸುಮ್ಮನೆ ತಲೆಯಾಡಿಸುತ್ತಿದ್ದ. ಆ 'ಯಾಕೆ'ಗಳು ನಿಂತು ಮಗಳು ಮತ್ತೆ ಸಾಧು ಹುಡುಗಿಯಾದರೆ? ಆ ಹೆದರಿಕೆಗೆ ಆಕೆ ಬಾಯಿಗೆ ಬೀಗ ಹಾಕಿಕೊಂಡಳು. ನ್ಯಾಮತಿಯ ಸಮಾವೇಶದಲ್ಲಿ ಅವಳನ್ನು 'ಮಾದರಿ ಪೋಷಕಿ' ಎಂದು ವೇದಿಕೆಯಲ್ಲೇ ಕೂರಿಸಿದರು. ಆಕೆ ಹಾರ ಹಾಕಿಸಿಕೊಂಡು, ತುಟಿ ಬಿಗಿದು ಕೂತಳು.

ತಾಯಿ ಬಾಯಿ ಮುಚ್ಚಿದ್ದರಿಂದ ಸಮಿತಿ ನೆಮ್ಮದಿಯಾಗಿತ್ತು. ಮಗಳದು ಹೇಗೂ ಮುಚ್ಚಿದ್ದೇ ಎಂದು ಅವರ ಎಣಿಕೆ. ಆದ್ದರಿಂದಲೇ, ವಂದನಾರ್ಪಣೆಗೆ ಮೊದಲು ರಕ್ಷಾಳನ್ನು ಮುಂದಕ್ಕೆ ಕರೆದು, ಧನ್ಯವಾದ ಹೇಳಲು ಮಹೇಶ್ವರಪ್ಪನವರು ಧೈರ್ಯವಾಗಿ ಬಿಟ್ಟರು. ರಕ್ಷಾ ಸಭೆಯನ್ನು ನೋಡಿದಳು, ಟೀಚರನ್ನು ನೋಡಿದಳು. ಅವಳ ಕೈಗಳು ಎದ್ದವು. ಧನ್ಯವಾದಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಆಡಿದವು.

"ಆಹಾ!" ಎಂದರು ಅಧ್ಯಕ್ಷರು ಮೈಕಿನಲ್ಲಿ. "ಎಷ್ಟು ಮುದ್ದಾಗಿ ಮಾತಾಡ್ತೈತೆ ಮಗು. ಮೇಡಂ, ಏನಂತಾಳೆ, ಎಲ್ಲರಿಗೂ ಕೇಳೋ ಹಂಗೆ ಹೇಳ್ರಿ."

ಖಮರುನ್ನೀಸಾ ಮೈಕು ತೆಗೆದುಕೊಂಡರು. "ಅವಳು ಕೇಳ್ತಾ ಇದಾಳೆ: 'ನಮ್ಮ ಕೋಣೆಗೆ ಬೀಗ ಯಾಕೆ? ನನ್ನ ಟೀಚರ್ ಇಲ್ಲಿ ಯಾಕೆ ನಿಂತಿದಾರೆ? ಈ ಜನಕ್ಕೆಲ್ಲ ಕಿವಿ ಕೇಳ್ಸುತ್ತೆ, ನನಗೆ ಕೇಳ್ಸಲ್ಲ. ಅವರಿಗೆ ಕೈಮಾತು ಯಾಕೆ, ನನಗೆ ಯಾಕಿಲ್ಲ?'"

ಹಾರದೊಳಗೆ ಕೂತಿದ್ದ ಅಂತರಘಟ್ಟಮ್ಮನಿಗೆ ಕಣ್ಣು ತುಂಬಿ ಬಂತು. ತಾನು ನುಂಗಿಕೊಂಡದ್ದು ಮಗಳ ಕೈಗೆ ಬಂದಿತ್ತು. ಮಹೇಶ್ವರಪ್ಪನವರು ಮೈಕು ಕಸಿದುಕೊಂಡು ರಾಷ್ಟ್ರಗೀತೆ ಹಾಕಿಸಿದರು. ಎಲ್ಲರೂ ಎದ್ದು ನಿಂತದ್ದರಿಂದ ಪ್ರಶ್ನೆ ಅಲ್ಲಿಗೆ ನಿಂತಿತು.

ತುರ್ತು ಸಭೆ ಸೇರಿತು. ಟೀಚರನ್ನು ಕರೆಸಿದರು.

"ಸಾರ್, ಏನಂತಾಳೆ ಅಂತ ನೀವೇ ಕೇಳಿದ್ರಿ," ಎಂದರು ಖಮರುನ್ನೀಸಾ.

"ಕೇಳಿದ್ದು ಶಿಷ್ಟಾಚಾರಕ್ಕೆ ಮೇಡಂ. ಉತ್ತರಕ್ಕೇ ಅಂತ ಕೇಳ್ತಾರೇನ್ರೀ ಯಾರಾದ್ರೂ?"

ಅವರಿಗೆ ಜ್ಞಾಪನಪತ್ರ ಕೊಡಲಾಯಿತು. "ತಮ್ಮನ್ನು ಕಿವಿ ಕೇಳುವವರ ಮಾತನ್ನು ಕಿವಿ ಕೇಳದವರಿಗೆ ತಲುಪಿಸಲು ನಿಯೋಜಿಸಲಾಗಿತ್ತು. ತಾವು ಕಿವಿ ಕೇಳದವರ ಮಾತನ್ನು ಕಿವಿ ಕೇಳುವವರಿಗೆ ತಲುಪಿಸಿರುತ್ತೀರಿ. ಈ ದಿಕ್ಕಿನ ಸಾಗಾಣಿಕೆಗೆ ಯಾವುದೇ ಆದೇಶವಿರುವುದಿಲ್ಲ." ಶಿಕ್ಷೆಯೆಂದು ಯಾರೂ ಹೇಳಬಾರದಲ್ಲ, ಆದ್ದರಿಂದ ಅವರ ಸೇವೆಯ ಸದುಪಯೋಗವೆಂದು ಜಗಳೂರಿನ ಉಪಕಚೇರಿಗೆ ಹಾಕಿದರು. ಅಲ್ಲಿ ಅವರ ಕೆಲಸ ಫೋನು ಬಂದರೆ ಎತ್ತುವುದು. ನಾಲ್ಕು ತಾಲ್ಲೂಕಿನಲ್ಲಿ ಕೈಯಿಂದ ಮಾತಾಡಲು ಕಲಿಸಬಲ್ಲ ಒಬ್ಬರೇ ಒಬ್ಬರನ್ನು ಕೈಗೆ ಫೋನು ಕೊಟ್ಟು ಕೂರಿಸಿದ್ದು ಬಹಳ ಸಮರ್ಪಕವಾಗಿದೆ ಎಂದು ಎಲ್ಲ ಸದಸ್ಯರೂ ಅಭಿಪ್ರಾಯಪಟ್ಟರು.

ಆಮೇಲೆ ಹೊಸ ನಿಯಮವೂ ಬಂತು. "ಇನ್ನು ಮುಂದೆ ಕೈಗಳು ಬಾಯಿಯ ವ್ಯಾಪ್ತಿಗೆ ಬರತಕ್ಕದ್ದು. ಸಭೆ, ವಾಹನ, ಶಾಲೆ ಹಾಗೂ ವಿಡಿಯೋ ಕರೆಗಳಲ್ಲಿ ಅರ್ಥ ಬರುವಂತೆ ಕೈ ಆಡಿಸುವವರು ಪೂರ್ವಾನುಮತಿ ಪಡೆಯತಕ್ಕದ್ದು. ಅರ್ಥ ಬಾರದಂತೆ ಆಡಿಸುವುದಕ್ಕೆ ಸಮಿತಿಯ ಅಭ್ಯಂತರವಿರುವುದಿಲ್ಲ."

ಈ ನಿಯಮದ ಅಡಿಯಲ್ಲಿ ಪೂರ್ಣ ಅರ್ಹತೆ ಪಡೆದ ವ್ಯಕ್ತಿ ಸಿಗಲು ತಡವಾಗಲಿಲ್ಲ. ಅಂಜಿನಪ್ಪ ಮೇಷ್ಟ್ರು ಡ್ರಿಲ್ ಮೇಷ್ಟ್ರು. ಸ್ವಾತಂತ್ರ್ಯ ದಿನಾಚರಣೆಗೆ ಮಕ್ಕಳಿಂದ ಸಾಮೂಹಿಕ ಕವಾಯತು ಮಾಡಿಸಿ ಹೆಸರಾದವರು. ಸಂಜ್ಞೆ ಭಾಷೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ, "ಕೈ ಐದಾವಲ್ರೀ, ಬರ್ತೈತೆ," ಎಂದರು. ಅದೇ ಸಂದರ್ಶನ.

ಜಗಳೂರಿನ ಸಮಾರೋಪ ಸಮಾವೇಶಕ್ಕೆ ಹೋಗುವ ಮುಂಚೆ ಮಹೇಶ್ವರಪ್ಪನವರು ಅಂತರಘಟ್ಟಮ್ಮನನ್ನು ಕರೆಸಿ ಒಂದು ಚೀಟಿ ಕೊಟ್ಟರು. "ನೋಡಮ್ಮಾ, ಪ್ರಶ್ನೆ ಬ್ಯಾಡ. ಇಷ್ಟು ಹೇಳಿದ್ರೆ ಸಾಕು. ಸೋಮವಾರ ಕೋಣೆ ಬಾಗ್ಲು ತೆಗೀತೈತೆ, ಟೀಚರ್ ಇರ್ತಾರೆ. ನಾನು ಮಾತು ಕೊಟ್ಟಿದೀನಿ."

ಚೀಟಿಯಲ್ಲಿ, "ನನ್ನ ಮಗಳಿಗೆ ಕಲಿಯುವ ಹಕ್ಕು ಪೂರ್ತಿಯಾಗಿ ಸಿಕ್ಕಿದೆ. ನಮಗೆ ಇನ್ನು ಯಾವ ಕೊರತೆಯೂ ಇಲ್ಲ," ಎಂದಿತ್ತು. ದಾರಿಯುದ್ದಕ್ಕೂ ಆಕೆ ಅದನ್ನು ಕೈಯಲ್ಲಿ ಮುದುರಿಕೊಂಡು ಕೂತಿದ್ದಳು. ಸುಳ್ಳು ಅಂತ ಗೊತ್ತಿತ್ತು. ಹೇಳಿದರೇ ಸೋಮವಾರ ಅಂತಲೂ ಗೊತ್ತಿತ್ತು.

ಜಗಳೂರಿನಲ್ಲಿ ಅಂಜಿನಪ್ಪ ಮೇಷ್ಟ್ರು ಬಿಳೀ ಬೂಟು ಹಾಕಿಕೊಂಡು ಅಧ್ಯಕ್ಷರ ಎಡಗಡೆ ನಿಂತರು. ಅಧ್ಯಕ್ಷರು "ಸಂವಿಧಾನ" ಎಂದರೆ ಮೇಷ್ಟ್ರು ಎರಡೂ ಕೈ ಪಕ್ಕಕ್ಕೆ ಚಾಚಿದರು. "ಸಮಾನತೆ" ಎಂದರೆ ಬಗ್ಗಿ ಕಾಲ್ಬೆರಳು ಮುಟ್ಟಿದರು. "ವಿಶೇಷ ಮಕ್ಕಳು" ಎಂದಾಗ ನಾಲ್ಕು ದಿಕ್ಕಿಗೂ ತಿರುಗಿ ಜಾಗಕ್ಕೆ ಬಂದರು. ಖಮರ್ ಮೇಡಂನ ಕೈ ನೋಡದಿದ್ದ ಜನ ಇದನ್ನು ಕಣ್ಣು ಮಿಟುಕಿಸದೆ ನೋಡಿದರು. ಈಗ ನೋಡಪ್ಪ ಅರ್ಥ ಆಗ್ತಿರೋದು, ಎಂದು ಮುಂದಿನ ಸಾಲಿನವರೊಬ್ಬರು ಪಕ್ಕದವರಿಗೆ ಹೇಳಿದರು. ಕಿವಿ ಕೇಳಿಸದವರ ಗೌರವಾರ್ಥ ಚಪ್ಪಾಳೆ ಬೇಡ, ಕೈ ಮೇಲೆತ್ತಿ ಅಲ್ಲಾಡಿಸಬೇಕು ಎಂದು ಮೊದಲೇ ಪ್ರಕಟಣೆಯಾಗಿತ್ತು. ಇಡೀ ಸಭೆ ಕೈ ಎತ್ತಿ ಅಲ್ಲಾಡಿಸಿತು.

ರಕ್ಷಾ ಮೊದಲು ಕಷ್ಟಪಟ್ಟು ಮೇಷ್ಟ್ರ ಕೈಯನ್ನೇ ಓದಲು ನೋಡಿದಳು. ಇದು ತಾನು ಕಲಿಯದ ಯಾವುದೋ ಪಾಠ ಎಂದುಕೊಂಡು ಒಂದೆರಡು ಸಲ ತಾನೂ ಹಾಗೆ ಮಾಡಿ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿದರೆ ಸಭೆ ತುಂಬ ಕೈಗಳು. ಅವಳು ಇಷ್ಟು ಕೈಗಳು ಒಟ್ಟಿಗೆ ಮಾತಾಡುವುದನ್ನು ಹುಟ್ಟಿದ ಮೇಲೆ ನೋಡಿರಲಿಲ್ಲ. ಆಸೆಯಿಂದ ತಾಯಿಯ ಸೆರಗು ಜಗ್ಗಿ ಕೇಳಿದಳು: ಎಲ್ಲರೂ ಏನು ಹೇಳ್ತಿದಾರೆ?

'ಏನೂ ಇಲ್ಲ' ಎಂದು ಅಂತರಘಟ್ಟಮ್ಮ ಕೈಯಲ್ಲಿ ಹೇಳಿದಳು. ಅದಕ್ಕೆ ಪೂರ್ವಾನುಮತಿ ತೆಗೆದುಕೊಂಡಿರಲಿಲ್ಲ.

ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಆಕೆ ಮೈಕಿನ ಮುಂದೆ ನಿಂತು ಚೀಟಿಯಲ್ಲಿದ್ದುದನ್ನು ಹೇಳಿದಳು. ಏರಿಯ ಆ ತುದಿಗೆ ಕೇಳಿಸುತ್ತಿದ್ದ ಗಂಟಲು ಮೈಕಿನಲ್ಲೂ ಸಣ್ಣಗೆ ಬಂತು. ಕೈಗಳು ಮತ್ತೆ ಅಲ್ಲಾಡಿದವು. ಯಾರೋ ಅದನ್ನು ಮೊಬೈಲಿನಲ್ಲಿ ಚೆನ್ನಾಗಿ ಹಿಡಿದುಕೊಂಡರು.

ಸೋಮವಾರ ಚನ್ನಗಿರಿಯ ಮೂಲೆಕೋಣೆಯ ಬಾಗಿಲು ನಿಜವಾಗಿಯೂ ತೆಗೆದಿತ್ತು. ರಕ್ಷಾ ಬಸ್ಸಿನಿಂದ ಇಳಿದವಳು ಓಡಿಯೇ ಹೋದಳು. ಒಳಗೆ ಟೀಚರೂ ಇದ್ದರು. ಬಿಳೀ ಬೂಟು, ಕೊರಳಲ್ಲಿ ಸೀಟಿ, ಅಂಜಿನಪ್ಪ ಮೇಷ್ಟ್ರು. ಅಧ್ಯಕ್ಷರು ಕೊಟ್ಟ ಮಾತಿಗೆ ತಪ್ಪುವವರಲ್ಲ.

ಮೇಷ್ಟ್ರಿಗೆ ಒಂದು ಜವಾಬ್ದಾರಿ ವಹಿಸಲಾಗಿತ್ತು. ಜಗಳೂರಿನಲ್ಲಿ ಜನ ಮೆಚ್ಚಿದ ಅವರ ಕೈಕಾಲುಗಳನ್ನೇ ಸಮಿತಿ ನಾಲ್ಕು ತಾಲ್ಲೂಕಿನ ಅಧಿಕೃತ ಸಂಜ್ಞೆ ಭಾಷೆಯೆಂದು ಅಂಗೀಕರಿಸಿತ್ತು. ಆ ಭಾಷೆಯಲ್ಲಿ ಪ್ರತಿ ಮಗುವನ್ನೂ ಪರೀಕ್ಷಿಸಿ, ಟೀಚರಿನ ಅಗತ್ಯ ಇದೆಯೋ ಇಲ್ಲವೋ ಪ್ರಮಾಣೀಕರಿಸಬೇಕಿತ್ತು. ಮೇಷ್ಟ್ರು ರಕ್ಷಾಳನ್ನು ಎದುರಿಗೆ ನಿಲ್ಲಿಸಿ ಸೀಟಿ ಊದಿದರು. ಅವಳು ಕದಲಲಿಲ್ಲ. ಇನ್ನೂ ಜೋರಾಗಿ ಊದಿದರು. ಆಗಲೂ ಕದಲಲಿಲ್ಲ. "ಗಮನ ಕೊಡಾಕಿಲ್ಲ ಹುಡ್ಗಿ," ಎಂದು ಬರೆದುಕೊಂಡು, ಕೈ ಪಕ್ಕಕ್ಕೆ ಚಾಚಿ ಅದರ ಅರ್ಥ ಕೇಳಿದರು. ರಕ್ಷಾ ಕೈಮಾತಿನಲ್ಲಿ, 'ನನ್ನ ಟೀಚರ್ ಎಲ್ಲಿ?' ಎಂದಳು. ಅದು ತಪ್ಪು ಉತ್ತರವಾಗಿತ್ತು.

ಅಲ್ಲೇ ಪ್ರಮಾಣಪತ್ರ ಸಿದ್ಧವಾಯಿತು. "ಸದರಿ ವಿದ್ಯಾರ್ಥಿನಿಗೆ ಸಂಜ್ಞೆ ಭಾಷೆ ಬರುವುದಿಲ್ಲ. ಸಂಜ್ಞೆ ಭಾಷೆ ಬಾರದವರಿಗೆ ಸಂಜ್ಞೆ ಭಾಷೆಯ ಶಿಕ್ಷಕಿಯ ಅಗತ್ಯ ಉದ್ಭವಿಸುವುದಿಲ್ಲ. ಹುದ್ದೆಯನ್ನು ರದ್ದುಪಡಿಸಲು ಶಿಫಾರಸು ಮಾಡಿದೆ."

ಅಂತರಘಟ್ಟಮ್ಮನ ಗಂಟಲಿನ ಬೀಗ ಆಗ ಬಿಟ್ಟಿತು. "ಸೀಟಿ ಊದಿ ಕಿವುಡ್ ಮಗೀನ ಪರೀಕ್ಷೆ ಮಾಡ್ತೀರೇನ್ರೀ? ನಾಚ್ಕೆ ಆಗಾಕಿಲ್ವಾ? ಅವ್ಳಿಗೆ ಬರೋ ಮಾತು ನಿಮ್ಗೆ ಬರಾಕಿಲ್ಲ, ಫೇಲ್ ಅವ್ಳಾ?" ಶಾಲೆಯ ಎಲ್ಲ ಕೋಣೆಗಳಿಂದಲೂ ಜನ ಹೊರಬಂದರು.

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಮೊಬೈಲು ತೆಗೆದು ತೋರಿಸಿದರು. ಅದರೊಳಗೆ ಅಂತರಘಟ್ಟಮ್ಮನೇ ಇದ್ದಳು. "ನನ್ನ ಮಗಳಿಗೆ ಕಲಿಯುವ ಹಕ್ಕು ಪೂರ್ತಿಯಾಗಿ ಸಿಕ್ಕಿದೆ. ನಮಗೆ ಇನ್ನು ಯಾವ ಕೊರತೆಯೂ ಇಲ್ಲ." ಹೊರಬಂದಿದ್ದ ಜನ ಅದನ್ನು ಕೇಳಿ, ಮತ್ತೆ ಯಾಕಮ್ಮ ಗಲಾಟೆ, ಎಂದು ಒಳಗೆ ಹೋದರು.

ಆಕೆ ಬ್ಯಾನರಿನ ಮೇಲಿದ್ದ ದೂರಿನ ನಂಬರಿಗೆ ಫೋನು ಮಾಡಿದಳು. ಆ ಕಡೆಯಿಂದ ಗೊತ್ತಿದ್ದ ದನಿಯೇ ಬಂತು.

"ನಮಸ್ಕಾರ, ಹಕ್ಕು ಅರಿವು ಸಹಾಯವಾಣಿ."

"ಮೇಡಂ... ನಾನು, ರಕ್ಷಾ ಅವ್ವ."

ಮೂಗು ಕಟ್ಟಿದ ದನಿಯಲ್ಲಿ, "ನಿಮ್ಮ ದೂರು ದಾಖಲಾಗಿದೆ," ಎಂದರು ಖಮರುನ್ನೀಸಾ. "ಇದಿಷ್ಟೇ ಹೇಳಾಕೆ ನನಗೆ ಅನುಮತಿ ಇರೋದು ಅಂತರಘಟ್ಟಮ್ಮ. ಅವಳು ಚೆನ್ನಾಗಿದಾಳಾ?" ರಕ್ಷಾ ಪಕ್ಕದಲ್ಲೇ ನಿಂತಿದ್ದಳು. ಆ ಫೋನಿನೊಳಗೆ ತನ್ನ ಟೀಚರ್ ಇದ್ದಾರೆಂದು ಅವಳಿಗೆ ತಿಳಿಯುವ ಹಾಗಿರಲಿಲ್ಲ.

ಅಭಿಯಾನ ಯಶಸ್ವಿಯಾಯಿತೆಂದು ಸಮಿತಿ ಒಪ್ಪಿತು. ಹುದ್ದೆ ಉಳಿತಾಯವಾಯಿತೆಂದು ಮೇಲಿನವರು ಒಪ್ಪಿದರು. ಮಕ್ಕಳ ಮೈ ಹಗುರಾಗುತ್ತದೆ ಎಂದು ಉಳಿದ ಪೋಷಕರು ಒಪ್ಪಿದರು. ಗೌಸ್‌ಪೀರ್ ಜೀಪು ತೊಳೆದ. ಅಂತರಘಟ್ಟಮ್ಮ ತಾನೇ ಮೈಕಿನಲ್ಲಿ ಒಪ್ಪಿಯಾಗಿತ್ತಲ್ಲ, ಆಕೆಯನ್ನು ಇನ್ನೊಮ್ಮೆ ಯಾರೂ ಕೇಳಲಿಲ್ಲ. ಒಪ್ಪದೆ ಉಳಿದವಳು ರಕ್ಷಾ ಒಬ್ಬಳು. ಅವಳು ಹೇಳಿದ್ದು ಅಧಿಕೃತ ಭಾಷೆಯಲ್ಲಿ ಇರಲಿಲ್ಲವಾದ್ದರಿಂದ ನಡಾವಳಿಗೆ ಸೇರಲಿಲ್ಲ.

ಪರೀಕ್ಷೆಯಾದ ಆ ಸೋಮವಾರ ಕೋಣೆಯಿಂದ ಹೊರಡುವಾಗ ಅವಳು ತಾಯಿಯ ಕೈ ಬಿಡಿಸಿಕೊಂಡು ವಾಪಸು ಬಂದು ಮೇಷ್ಟ್ರ ಎದುರು ನಿಂತಳು. ಅಂಗೈ ಮೇಲಕ್ಕೆ ತಿರುಗಿಸಿ, ಹುಬ್ಬು ಏರಿಸಿ, ಅಲ್ಲೇ ಕಾದಳು.

ಅಂಜಿನಪ್ಪ ಮೇಷ್ಟ್ರು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಮಗು ಏನೋ ಕೇಳುತ್ತಿದೆ, ಉತ್ತರ ಕೊಡುವುದು ತಮ್ಮ ಕರ್ತವ್ಯ ಎಂದು ಅವರಿಗೆ ಅನ್ನಿಸಿತು. ಎರಡು ಕಾಲು ಅಗಲಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಎದುರುಗಡೆ ಗೋಡೆ ನೋಡುತ್ತಾ 'ವಿಶ್ರಾಮ್' ಸ್ಥಿತಿಯಲ್ಲಿ ನಿಂತುಕೊಂಡರು.